ಎದೆಗೆ ಒರಗಿಸಿಕೊಳ್ಳೋದಾ, ಬಟ್ಟೆ ಸುತ್ತಿ ಮಲಗಿಸೋದಾ?

ಮಗು 1.7 ಕೆಜಿ ಇದೆ, ನರ್ಸ್ ಬರಿಮೈಗೆ ಒರಗಿಸಿಕೊಳ್ಳಿ ಅನ್ನುತ್ತಾರೆ, ನಮ್ಮಮ್ಮ ಬಟ್ಟೆ ಸುತ್ತಿ ಮಲಗಿಸು ಅನ್ನುತ್ತಾರೆ, ಅಪ್ಪನಾದ ನಾನೂ ಎತ್ತಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನರ್ಸ್ ಮಾತು ಕೇಳಿ. ಬಟ್ಟೆ ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಇಷ್ಟು ಪುಟ್ಟ ಮೈಯಲ್ಲಿ ಬಿಸಿ ಹುಟ್ಟೋದೇ ಕಮ್ಮಿ ಅಲ್ವಾ? ಚಳಿಗೆ ನಮ್ಮ ಹಾಗೆ ನಡುಗಲೂ ಅದಕ್ಕೆ ಬರುವುದಿಲ್ಲ.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ (ಪುಟ್ಟ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೆ ಡಾ. ಎಡ್ಗರ್ ರೇ ತಾಯಂದಿರ ಎದೆಯನ್ನೇ ನೆಚ್ಚಿಕೊಂಡರು. ಅದೇ ಮುಂದೆ ಕಾಂಗರೂ ಆರೈಕೆ ಆಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನುತ್ತದೆ. ಸುಮ್ನೆ ಬಡವರ ಉಪಾಯ ಅಂದುಕೊಳ್ಳಬೇಡಿ.

ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಸಾಕು. ಕಪ್ಪೆ ಕೂತ ಹಾಗೆ ಕೈಕಾಲು ಮಡಿಸಿ, ಎದೆಯ ನಡುವೆ ನೆಟ್ಟಗೆ ಒರಗಿಸಿ. ತಲೆ ಪಕ್ಕಕ್ಕೆ ತಿರುಗಿರಲಿ, ಗದ್ದ ಎದೆಗೆ ಒತ್ತಬಾರದು, ಮೂಗು ಸದಾ ಕಾಣುತ್ತಿರಲಿ. ಮೇಲೆ ಹಳೇ ಕಾಟನ್ ಸೀರೆ ಬಿಗಿಯಾಗಿ ಕಟ್ಟಿ. ಹೆಂಡತಿ ಊಟ, ಸ್ನಾನ, ನಿದ್ದೆ ಮಾಡುವಾಗ ನೀವು ಮಗುವನ್ನು ಹೀಗೇ ಎದೆಗೆ ಒರಗಿಸಿಕೊಂಡು ಕೂತುಕೊಳ್ಳಿ. ಎದೆಗೂದಲಿದ್ದರೆ ಪರವಾಗಿಲ್ಲವಾ ಅಂತ ನಾನೂ ನಾಚಿಕೊಂಡೇ ಕೇಳಿದ್ದೆ, ನರ್ಸ್ ನಕ್ಕುಬಿಟ್ಟರು!

ಆಗಾಗ ಪಾದ ಮುಟ್ಟಿ ನೋಡಿ. ತಣ್ಣಗಿದ್ದರೆ, ಹಾಲು ಕುಡಿಯದಿದ್ದರೆ ತಕ್ಷಣ ಡಾಕ್ಟರಿಗೆ ತೋರಿಸಿ.