ಎಂಜಿನ್ ಕೂರುವ ಹಲಗೆ ಕುಂಬಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೆಯ ಫೈಬರ್ ದೋಣಿಗಳ ಟ್ರಾನ್ಸಮ್ ಬಗ್ಗೆ. ದೋಣಿಯ ಹಿಂತುದಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಕಚ್ಚಿ ನಿಲ್ಲುವ ಅಡ್ಡಗೋಡೆಯೇ ಟ್ರಾನ್ಸಮ್. ಹೊರಗಿನಿಂದ ಪೂರ್ತಿ ಫೈಬರ್‌ನಂತೆ ಕಂಡರೂ ಒಳಗೆ ಪ್ಲೈವುಡ್ ಇರುತ್ತದೆ. ಒಳಪದರ, ಹೊರಪದರ, ನಡುವಿನ ಮರ ಮೂರೂ ಅಂಟಿಕೊಂಡಿರುವವರೆಗೆ ಮಾತ್ರ ಅದಕ್ಕೆ ಬಲ.

ನಮ್ಮದು 14 ವರ್ಷ ಹಳೆಯ 24 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಎಂಜಿನ್. ಜೋರಾಗಿ ಓಡಿಸಿದಾಗ ಎಂಜಿನ್ನಿನ ತಲೆ ಹಿಂದಕ್ಕೆ ವಾಲುತ್ತದೆ. ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಒಳಗಿನ ಮರ ಕುಂಬಾಗಿದೆಯೆಂದು ಹೇಗೆ ತಿಳಿಯುವುದು? — ಗಂಗೊಳ್ಳಿಯಿಂದ

ನೀವು ಬರೆದ ಎರಡೂ ಲಕ್ಷಣ ಒಟ್ಟಿಗೆ ಇದ್ದರೆ ಅನುಮಾನ ಬಲವಾದದ್ದೇ. ಪ್ರೊಪೆಲ್ಲರ್ ಎಂಜಿನ್ನಿನ ನೀರಿಗಿಳಿಯುವ ಕಾಲನ್ನು ಮುಂದಕ್ಕೆ ತಳ್ಳುತ್ತದೆ, ಆಗ ತಲೆ ಹಿಂದಕ್ಕೆ ಎಳೆಯುತ್ತದೆ. ಗಟ್ಟಿ ಟ್ರಾನ್ಸಮ್ ಅದನ್ನು ಅಲುಗದೆ ತಡೆಯುತ್ತದೆ. ಮೊದಲು ಎಂಜಿನ್ನನ್ನು ಟ್ರಾನ್ಸಮ್‌ಗೆ ಬಿಗಿಯುವ ಕ್ಲಾಂಪ್ ತಿರುಪುಗಳು ಸಡಿಲವಾಗಿಲ್ಲವೇ ನೋಡಿಕೊಳ್ಳಿ. ಆಮೇಲೆ ದೋಣಿಯನ್ನು ದಡಕ್ಕೆ ತಂದು, ಎಂಜಿನ್ ಅರ್ಧ ಎತ್ತಿಟ್ಟು, ಕಾಲಿನ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಇನ್ನೊಬ್ಬರು ಟ್ರಾನ್ಸಮ್‌ನ ಮೇಲಂಚನ್ನೇ ದಿಟ್ಟಿಸಲಿ. ಅಂಚು ಕಣ್ಣಿಗೆ ಕಾಣುವಷ್ಟು ಬಾಗಿದರೆ ಮರ ಹೋಗಿದೆ, ಇಲ್ಲವೇ ಪದರ ಬಿಟ್ಟಿದೆ.

ಸುತ್ತಿಗೆಯ ಹಿಡಿಯಿಂದ ಗೇಣಿಗೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ದಬ್ ಎನ್ನುತ್ತದೆ. ಆದರೆ ತಟ್ಟಿದ ಸದ್ದನ್ನೇ ನಂಬಿ ಗರಗಸ ಹಿಡಿಯಬೇಡಿ. ಕೊನೆಯ ತೀರ್ಮಾನ ಡ್ರಿಲ್ಲಿನದು. 5 ಮಿ.ಮೀ. ಬಿಟ್‌ಗೆ 30 ಮಿ.ಮೀ. ಆಳದಲ್ಲಿ ಟೇಪ್ ಸುತ್ತಿ ಗುರುತು ಮಾಡಿಕೊಂಡು, ದೋಣಿಯ ಒಳಗಿನಿಂದಲೇ ಏಳೆಂಟು ತೂತು ಕೊರೆಯಿರಿ. ಹೊರಪದರ ತೂತಾಗಬಾರದು. ಕ್ಲಾಂಪ್ ಕೂರುವ ಜಾಗದ ಕೆಳಗೆ, ನೀರು ಬಿಡುವ ತೂತಿನ ಸುತ್ತ, ತಳದ ಎರಡೂ ಮೂಲೆ, ಇವನ್ನು ಬಿಡಲೇಬೇಡಿ. ಬಿಟ್‌ಗೆ ಸುತ್ತಿ ಬರುವ ಹೊಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿ. ತಿಳಿ ಬಣ್ಣದ, ಒಣಗಿದ ಸುರುಳಿ ಬಂದರೆ ಮರ ಚೆನ್ನಾಗಿದೆ. ಸೋಸಿ ಉಳಿದ ಕಾಫಿ ಚರಟದಂತೆ ಕಪ್ಪಾಗಿ, ಹಿಂಡಿದರೆ ಬೆರಳಿಗೆ ತೇವ ಹತ್ತಿ, ಹುಳಿ ಮುಗ್ಗಲು ವಾಸನೆ ಬಂದರೆ ಮರ ಮುಗಿದಿದೆ. ಎಂಟರಲ್ಲಿ ಒಂದೆರಡು ತೂತು ಮಾತ್ರ ಹಾಳು, ಅವೂ ಒಂದೇ ಕಡೆ ಎಂದಾದರೆ ಅಷ್ಟೇ ಭಾಗ ತೆಗೆದು ಸರಿಪಡಿಸಬಹುದು. ಅಲ್ಲಲ್ಲಿ ಹಾಳಿದ್ದರೆ ಪೂರ್ತಿ ಬದಲಿಸಿ. ಚೆನ್ನಾಗಿರುವ ತೂತುಗಳನ್ನು ಅದೇ ದಿನ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ ಮುಚ್ಚಿ.

ಶರಾವತಿ ಹಿನ್ನೀರಿನಲ್ಲಿ ಓಡುವ ನಮ್ಮ ದೋಣಿ ಉಪ್ಪುನೀರು ಕಂಡಿಲ್ಲ. ಆದರೂ ಕಡಲ ದೋಣಿಗಿಂತ ಬೇಗ ಟ್ರಾನ್ಸಮ್ ಕೊಳೆಯಿತು. ಏಕೆ?

ಉಪ್ಪುನೀರು ಕಾಣದಿರುವುದೇ ಒಂದು ಕಾರಣ. ಮರವನ್ನು ತಿನ್ನುವುದು ಶಿಲೀಂಧ್ರ. ಅದಕ್ಕೆ ಗಾಳಿ, ಬಿಸುಪು, ಮರದಲ್ಲಿ ಶೇ 20ಕ್ಕಿಂತ ಹೆಚ್ಚು ತೇವ ಬೇಕು. ಉಪ್ಪು ಅದರ ಬೆಳವಣಿಗೆಯನ್ನು ತಡೆಯುತ್ತದೆ, ಸಿಹಿನೀರು ತಡೆಯುವುದಿಲ್ಲ. ಕಡಲ ದೋಣಿಗಳಲ್ಲೂ ಮರವನ್ನು ಹೆಚ್ಚಾಗಿ ಕೊಳೆಸುವುದು ಮಳೆನೀರೇ. ಮಳೆಗಾಲದಲ್ಲಿ ದಡದಲ್ಲಿ ನಿಂತ ದೋಣಿಯೊಳಗೆ ನೀರು ನಿಂತು, ಬೋಲ್ಟ್ ತೂತುಗಳಿಂದ ಮರಕ್ಕೆ ಇಳಿಯುತ್ತದೆ. ಎರಡೂ ಬದಿ ಫೈಬರ್ ಇರುವುದರಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ದೋಣಿ ಎತ್ತಿಡುವಾಗ ಮುಂತುದಿ ಎತ್ತರಿಸಿ, ಹಿಂದಿನ ಬಿರಡೆ ತೆಗೆದಿಡಿ. ಟಾರ್ಪಲನ್ನು ಎರಡೂ ತುದಿಯಲ್ಲಿ ಗಾಳಿಯಾಡುವಂತೆ ಕಟ್ಟಿ.

ತೂತು ಕೊರೆದು ಒಳಗೆ ರೆಸಿನ್ (ಫೈಬರ್ ಕೆಲಸದಲ್ಲಿ ಬಳಸುವ, ಆಮೇಲೆ ಗಟ್ಟಿಯಾಗುವ ಅಂಟುದ್ರವ) ಸುರಿದರೆ ಮರ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಅಥವಾ ಹೊರಗಿನಿಂದ ಅಲ್ಯುಮಿನಿಯಂ ತಗಡು ಬಡಿದರೆ ಸಾಲದೆ?

ಎರಡೂ ಬೇಡ. ಒದ್ದೆ ಮರ ರೆಸಿನ್ ಹೀರುವುದಿಲ್ಲ. ರೆಸಿನ್ ತೂತಿನಲ್ಲೇ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಸುತ್ತಲಿನ ಕುಂಬು ಹಾಗೇ ಉಳಿಯುತ್ತದೆ. ತಗಡಿಗಾಗಿ ಕೊರೆದ ಹೊಸ ತೂತುಗಳಿಂದ ಇನ್ನಷ್ಟು ನೀರು ಇಳಿಯುತ್ತದೆ, ಮೇಲಾಗಿ ಕೊಳೆತ ಭಾಗ ಕಣ್ಣಿಗೆ ಮರೆಯಾಗುತ್ತದೆ. ಮರವನ್ನು ಮೇಲಿನಿಂದ ತೋಡಿ ತೆಗೆದು, ಅಲ್ಲಿಗೆ ರೆಸಿನ್‌ಗೆ ಮರಳು ಬೆರೆಸಿ ಸುರಿಯುವವರೂ ಇದ್ದಾರೆ. ಫೈಬರ್ ದೋಣಿಗಳಿಗೆ ಮಾಮೂಲಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ ಅಷ್ಟು ದಪ್ಪಕ್ಕೆ ಒಮ್ಮೆಲೇ ಗಟ್ಟಿಯಾದರೆ ವಿಪರೀತ ಕಾದು ಬಿರಿಯುತ್ತದೆ.

ಮರ ಪೂರ್ತಿ ಬದಲಿಸುವ ಕ್ರಮ ತಿಳಿಸಿ. ಟ್ರಾನ್ಸಮ್ 5 ಅಡಿ ಅಗಲ, 2 ಅಡಿ ಎತ್ತರ. ಸಾಮಾನು ಎಷ್ಟು ಬೇಕು? — ಹೊನ್ನಾವರದಿಂದ

ಮೊದಲು ಸಾಮಾನು. ಐಎಸ್ 710 (ಭಾರತೀಯ ಮಾನಕ) ಮುದ್ರೆಯ ಮರೀನ್ ಪ್ಲೈವುಡ್ 8×4 ಅಡಿಯ ಒಂದು ಹಾಳೆ ಸಾಕು, ಎರಡು ತುಂಡೂ ಅದರಲ್ಲೇ ಬರುತ್ತವೆ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಕೊಡುವ ಐಎಸ್ 303 ಹಾಳೆ ಮನೆಯ ಕಪಾಟಿಗೆ ಸರಿ, ಇಲ್ಲಿಗೆ ಬೇಡ. 9.9 ಎಚ್‌ಪಿಯಂಥ ಎಂಜಿನ್ನಿಗೆ 16 ಮಿ.ಮೀ.ನ ಎರಡು ಪದರ ಸಾಕು, ಎಲ್ಲ ಸೇರಿ ದಪ್ಪ ಸುಮಾರು 44 ಮಿ.ಮೀ. ಆಗುತ್ತದೆ. ದೊಡ್ಡ ಎಂಜಿನ್ನಿಗೆ 19 ಮಿ.ಮೀ.ನ ಎರಡು ಹಾಕಿದರೆ 50ರ ಹತ್ತಿರ ಬರುತ್ತದೆ. ಪ್ಲೈವುಡ್ ಕೊಳ್ಳುವ ಮುನ್ನ ಎಂಜಿನ್ನಿನ ಕ್ಲಾಂಪ್ ಎಷ್ಟು ಬಾಯಿ ಬಿಡುತ್ತದೆಂದು ಅಳೆಯಿರಿ. ಇದನ್ನು ಮರೆತು ಕೆಲಸವೆಲ್ಲ ಮುಗಿಸಿದ ಮೇಲೆ ಎಂಜಿನ್ ಕೂರದೆ ಟ್ರಾನ್ಸಮ್ ಉಜ್ಜಿ ತೆಳುಮಾಡುವ ಪಾಡು ಬೇಡ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಕತ್ತರಿಸಿದ ಗಾಜಿನ ಎಳೆಗಳ ಹಾಳೆ) ಏಳೂವರೆ ಚದರ ಮೀಟರ್, ಅಂದರೆ ಸುಮಾರು ಮೂರೂವರೆ ಕೆ.ಜಿ. 600 ಗ್ರಾಂ ನೇಯ್ದ ರೋವಿಂಗ್ (ಗಾಜಿನ ಎಳೆಯ ದಪ್ಪ ಬಟ್ಟೆ) 3 ಚದರ ಮೀಟರ್. ಮ್ಯಾಟ್ ತನ್ನ ತೂಕದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ, ರೋವಿಂಗ್ ಹೆಚ್ಚುಕಮ್ಮಿ ತನ್ನ ತೂಕದಷ್ಟೇ. ಮರಕ್ಕೆ ಬಳಿಯಲು, ಪುಟ್ಟಿಗೆ (ರೆಸಿನ್‌ಗೆ ಪುಡಿ ಬೆರೆಸಿ ಮಂದ ಮಾಡಿದ್ದು) ಎಲ್ಲ ಸೇರಿ 15 ಕೆ.ಜಿ. ಪಾಲಿಯೆಸ್ಟರ್ ರೆಸಿನ್ ಬೇಕು. 18 ಕೆ.ಜಿ. ತಂದಿಟ್ಟುಕೊಳ್ಳಿ, ಅರ್ಧದಲ್ಲಿ ಮುಗಿಯಬಾರದು.

ಎಪಾಕ್ಸಿಯಲ್ಲಿ ಮಾಡಿದರೆ ಮರಕ್ಕೆ ಹಿಡಿತ ಹೆಚ್ಚು, ಖರ್ಚೂ ಹೆಚ್ಚು. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ, ಆದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಅಂಟುವುದಿಲ್ಲ. ಮಾಮೂಲಿ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ನಿಂದ. ಹಾಗಾಗಿ ಎಪಾಕ್ಸಿ ಬಳಸುವುದಾದರೆ ಮ್ಯಾಟ್ ಬಿಟ್ಟು ನೇಯ್ದ ಬಟ್ಟೆ ಹಾಕಿ.

ಈಗ ಕೆಲಸ. ಎಂಜಿನ್ ಇಳಿಸಿ, ದೋಣಿಯ ತಳಕ್ಕೆ ಸರಿಯಾದ ಆಸರೆ ಕೊಟ್ಟು, ಎರಡು ಬದಿಗಳ ನಡುವೆ ಅಡ್ಡ ರೀಪು ಬಿಗಿದು ಕಟ್ಟಿ. ಮರ ತೆಗೆದ ಮೇಲೆ ಹಿಂಬದಿ ಅಗಲವಾಗಿ ಬಿಚ್ಚಿಕೊಂಡರೆ ಮತ್ತೆ ಹಳೆಯ ಆಕಾರಕ್ಕೆ ಬರುವುದು ಕಷ್ಟ. ಟ್ರಾನ್ಸಮ್ ಹಿಂದಕ್ಕೆ ವಾಲಿದ ಕೋನವನ್ನೂ ರಟ್ಟಿನ ಮೇಲೆ ಗುರುತು ಮಾಡಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು 12ರಿಂದ 15 ಡಿಗ್ರಿ ಇರುತ್ತದೆ.

ಒಳಪದರವನ್ನು ಸುತ್ತಲೂ ಎರಡು ಮೂರು ಅಂಗುಲ ಅಂಚು ಬಿಟ್ಟು 4 ಇಂಚಿನ ಗ್ರೈಂಡರ್‌ನಲ್ಲಿ ಕತ್ತರಿಸಿ. ಬ್ಲೇಡ್ 4 ಮಿ.ಮೀ.ಗಿಂತ ಆಳ ಇಳಿಯುವುದು ಬೇಡ. ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಇಲ್ಲದೆ ಗ್ರೈಂಡರ್ ಶುರು ಮಾಡಬೇಡಿ. ಫೈಬರ್ ಧೂಳು ಚರ್ಮದಲ್ಲಿ ತುರಿಕೆ ಎಬ್ಬಿಸುವುದಲ್ಲದೆ ಉಸಿರಿಗೂ ಹೋಗುತ್ತದೆ. ಮರವನ್ನು ಉಳಿಯಿಂದ ಎಬ್ಬಿ ತೆಗೆಯಿರಿ. ಕೊಳೆತದ್ದು ಕೈಗೇ ಬರುತ್ತದೆ, ಮೂಲೆಯಲ್ಲಿ ಉಳಿದ ಗಟ್ಟಿ ಮರಕ್ಕೇ ಹೆಚ್ಚು ಹೊತ್ತು ಬೇಕು. ಹೊರಪದರದ ಒಳಮೈಯನ್ನು ಅಸಿಟೋನ್‌ನಲ್ಲಿ ಒರೆಸಿ, 40 ನಂಬರಿನ ಮರಳುಕಾಗದದಿಂದ ಉಜ್ಜಿ, ಮತ್ತೆ ಒರೆಸಿ. ಉಜ್ಜುವ ಮೊದಲೂ ಒರೆಸಬೇಕು, ಇಲ್ಲದಿದ್ದರೆ ಜಿಡ್ಡೆಲ್ಲ ಉಜ್ಜಿದ ಗೀರಿನೊಳಗೆ ಸೇರುತ್ತದೆ. ಆಮೇಲೆ ಎರಡು ಮೂರು ದಿನ ಬಿಸಿಲು ಕಾಣಿಸಿ.

ರಟ್ಟಿನ ಅಚ್ಚು ಮಾಡಿ ಪ್ಲೈ ಕತ್ತರಿಸಿ, ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಹೊಳಪು ಹೋಗುವಂತೆ ಮೈ ಉಜ್ಜಿ, ಶೇ 10ರಷ್ಟು ಸ್ಟೈರೀನ್ ಬೆರೆಸಿ ತೆಳುಮಾಡಿದ ರೆಸಿನ್ ಬಳಿಯಿರಿ. ಅಂಚುಗಳಿಗೆ ಮೂರು ಸಲ ಬಳಿಯಬೇಕು, ಪ್ಲೈವುಡ್ ನೀರು ಕುಡಿಯುವುದೇ ಅಂಚಿನಿಂದ. ಹೊರಪದರದ ಮೇಲೆ ರೆಸಿನ್‌ನಲ್ಲಿ ನೆನೆದ ಎರಡು ಪದರ ಮ್ಯಾಟ್, ಹಳ್ಳ ಇರುವಲ್ಲಿ ಪುಟ್ಟಿ, ಅದರ ಮೇಲೆ ಮೊದಲ ಹಲಗೆ, ನಡುವೆ ಇನ್ನೊಂದು ಪದರ ಮ್ಯಾಟ್, ಎರಡನೆಯ ಹಲಗೆ. ಹೊರಗೆ ಒಂದು, ಒಳಗೆ ಒಂದು ನೆಟ್ಟನೆಯ ಗಟ್ಟಿ ಪಟ್ಟಿ ಇಟ್ಟು ಕ್ಲಾಂಪ್ ಬಿಗಿಯಿರಿ. ಹಳೆಯ ಎಂಜಿನ್ ತೂತುಗಳಲ್ಲೂ ಮೇಣ ಸವರಿದ ಬೋಲ್ಟ್ ಹಾಕಿ ಬಿಗಿಯಬಹುದು. ಅಂಚಿನುದ್ದಕ್ಕೂ ರೆಸಿನ್ ಉಕ್ಕಿ ಬಂದೊಡನೆ ನಿಲ್ಲಿಸಿ. ಇನ್ನೂ ಬಿಗಿದರೆ ನಡುವಿನ ರೆಸಿನ್ನೆಲ್ಲ ಹೊರಬಂದು ಒಣ ಜಾಗ ಉಳಿಯುತ್ತದೆ. ನೀರು ಸೇರುವುದು, ಪದರ ಬಿಡುವುದು ಅಲ್ಲಿಂದಲೇ.

ಮರುದಿನ ಕ್ಲಾಂಪ್ ತೆಗೆದು, ಹಲಗೆ ತಳಕ್ಕೂ ಬದಿಗೂ ಸೇರುವ ಮೂಲೆಗಳಿಗೆ ಪುಟ್ಟಿ ತುಂಬಿ, ಬೆರಳ ಬೆನ್ನಿನಿಂದ ದುಂಡಗೆ ಎಳೆಯಿರಿ. ಚೂಪು ಮೂಲೆಗೆ ಮ್ಯಾಟ್ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ನಂತರ ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್ ಹೀಗೆ ಐದು ಪದರ. ಮೊದಲನೆಯದು ಬದಿಗೂ ತಳಕ್ಕೂ 4 ಇಂಚು ಹತ್ತಲಿ, ಮುಂದಿನ ಒಂದೊಂದೂ ಒಂದೂವರೆ ಇಂಚು ಮುಂದೆ ಹೋಗಲಿ. ಎಂಜಿನ್ನಿನ ಬಲ ದೋಣಿಗೆ ಸೇರುವುದು ಈ ಹತ್ತುವಳಿಯಿಂದ. ಹಳೆಯ ಮೂಲೆ ಆಸರೆಗಳನ್ನು ಕತ್ತರಿಸಿ ತೆಗೆದಿದ್ದರೆ ಅವನ್ನು ಮತ್ತೆ ಕೂರಿಸಲೇಬೇಕು. ಮೇಲಂಚಿಗೂ ಎರಡು ಪದರ ಮ್ಯಾಟ್ ಮಡಿಸಿ ಮುಚ್ಚಿ. ಅದನ್ನು ಬರಿಯ ಮರವಾಗಿ ಬಿಟ್ಟು ಬಣ್ಣ ಹೊಡೆದ ದೋಣಿಗಳು ಎರಡೇ ಮಳೆಗಾಲಕ್ಕೆ ಮತ್ತೆ ದುರಸ್ತಿಗೆ ಬರುತ್ತವೆ.

ಜುಲೈಯಲ್ಲಿ ದುರಸ್ತಿ ಮಾಡಿದೆವು. ವಾರ ಕಳೆದರೂ ರೆಸಿನ್ ಅಂಟಂಟು, ಅಲ್ಲಲ್ಲಿ ಬೆಳ್ಳಗಿನ ಕಲೆ. ತಪ್ಪು ಎಲ್ಲಿ? — ಕಾರವಾರದಿಂದ

ಬೆಳ್ಳಗಿನ ಕಲೆ ತೇವ ಕುಡಿದ ಮ್ಯಾಟಿನದು, ಇಲ್ಲವೇ ರೆಸಿನ್ ಸಾಲದೆ ಒಣಗಿದ ಮ್ಯಾಟಿನದು. ಬೆರಳಿಗೆ ಸ್ವಲ್ಪ ಅಂಟುವುದು ಮಾಮೂಲು, ಮೇಣವಿಲ್ಲದ ರೆಸಿನ್ ಗಾಳಿ ತಾಗುವ ಮೈಯಲ್ಲಿ ಪೂರ್ತಿ ಒಣಗುವುದಿಲ್ಲ. ಅದಕ್ಕೇ ಕೊನೆಯ ಪದರಕ್ಕೆ ಮೇಣ ಬೆರೆಸಿದ ರೆಸಿನ್ ಬಳಿಯುವುದು. ಆದರೆ ಉಗುರು ಊರಿದರೆ ತಗ್ಗು ಬೀಳುವಷ್ಟು ಮೆತ್ತಗಿದ್ದರೆ ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಕಲಸಿಲ್ಲ. ಆ ಭಾಗ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಈ ಕೆಲಸಕ್ಕೆ ಡಿಸೆಂಬರ್‌ನಿಂದ ಮೇ ತನಕದ ದಿನಗಳೇ ಸರಿ. 30 ಡಿಗ್ರಿ ಬಿಸಿಯಲ್ಲಿ ಕಿಲೋ ರೆಸಿನ್‌ಗೆ ಎಂಇಕೆಪಿ ಹಾರ್ಡನರ್ 10ರಿಂದ 15 ಮಿ.ಲೀ. ಹಾಕಿ. ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್‌ನ ಕಸುವು ಡಬ್ಬಿಯಿಂದ ಡಬ್ಬಿಗೆ ಬೇರೆ, ಅಳತೆಯನ್ನು ಕೊಟ್ಟವರಿಂದಲೇ ಕೇಳಿ. 100 ಗ್ರಾಂ ಕಲಸಿ ನೋಡಿ, 20ರಿಂದ 25 ನಿಮಿಷಕ್ಕೆ ಲೋಳೆಯಾದರೆ ಅಳತೆ ಸರಿ. ಒಂದು ಸಲಕ್ಕೆ ಕಿಲೋಗಿಂತ ಹೆಚ್ಚು ಕಲಸಬೇಡಿ.

ಒಂದು ಮಾತು ಮಾತ್ರ ಎಂದೂ ಮರೆಯಬೇಡಿ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ ಇರಲಿ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ 15 ನಿಮಿಷ ನೀರು ಹರಿಸಿ ತೊಳೆದು ಆಸ್ಪತ್ರೆಗೆ ಹೋಗಿ.

ಹೊಸ ಟ್ರಾನ್ಸಮ್‌ಗೆ ಎಂಜಿನ್ ಬೋಲ್ಟ್ ತೂತು ಹೇಗೆ ಕೊರೆಯಬೇಕು? — ಮಲ್ಪೆಯಿಂದ

12 ಮಿ.ಮೀ. ಬೋಲ್ಟ್‌ಗೆ ಮೊದಲು 20 ಮಿ.ಮೀ. ತೂತು ಕೊರೆಯಿರಿ. ಒಂದು ಬದಿಗೆ ಟೇಪ್ ಹಚ್ಚಿ, ಇನ್ನೊಂದು ಬದಿಯಿಂದ ಫೈಬರ್ ಚೂರು ಬೆರೆಸಿದ ಎಪಾಕ್ಸಿ ತುಂಬಿ. ಮರುದಿನ ಅದರ ನಟ್ಟನಡುವೆ 12 ಮಿ.ಮೀ. ಕೊರೆದರೆ ಬೋಲ್ಟ್‌ನ ಸುತ್ತ 4 ಮಿ.ಮೀ. ಎಪಾಕ್ಸಿ ಗೋಡೆ ಉಳಿಯುತ್ತದೆ, ಸೀಲಂಟ್ (ನೀರು ಸೋರದಂತೆ ಹಚ್ಚುವ ಅಂಟು) ಸವೆದರೂ ನೀರು ಮರ ಮುಟ್ಟುವುದಿಲ್ಲ. ನೀರು ಬಿಡುವ ತೂತಿಗೂ ಇದೇ ಕ್ರಮ. ಬೋಲ್ಟ್ 316 ಸ್ಟೀಲಿನದು, ಒಳಗೆ ಅಗಲವಾದ ವಾಷರ್ ಇರಲಿ. ಸೀಲಂಟ್ ಪಾಲಿಯುರಿಥೇನ್ ಆಗಿರಲಿ, ಸಿಲಿಕೋನ್ ಬೇಡ. ಮೊದಲ ದಿನ ಸೀಲಂಟ್ ಉಕ್ಕುವಷ್ಟೇ ಬಿಗಿದು ಬಿಡಿ. ಅದು ರಬ್ಬರಿನಂತೆ ಗಟ್ಟಿಯಾದ ಮೇಲೆ, ಬೋಲ್ಟ್ ತಿರುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ ಪೂರ್ತಿ ಬಿಗಿಯಿರಿ.