ಗೆಲ್ಲುತ್ತಿದ್ದರೂ ಟೆನಿಸ್ ಹುಡುಗನ ರ‍್ಯಾಂಕಿಂಗ್ ಇಳಿಯುವುದು ಯಾಕೆ?

ಹಳೆಯ ಪಾಯಿಂಟ್‌ಗಳು ಉದುರುವುದರಿಂದ. ವೃತ್ತಿಪರ ಪುರುಷ ಟೆನಿಸ್‌ನ ಸಂಘಟನೆಯಾದ ಎಟಿಪಿ ಕೊಡುವ ರ‍್ಯಾಂಕಿಂಗ್ ಪಾಯಿಂಟ್‌ನ ಆಯುಷ್ಯ 52 ವಾರ ಮಾತ್ರ.

ಉದಾಹರಣೆಗೆ, 2023ರ ಕೊನೆಯಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಡೆದ ಅಂತರರಾಷ್ಟ್ರೀಯ ಟೂರ್ನಿ ಎಂ25 ದರ್ಜೆಯದು, ಅಂದರೆ ಪುರುಷರದು, ಆಗ ಒಟ್ಟು ಬಹುಮಾನ 25,000 ಡಾಲರ್. ಈ ದರ್ಜೆಯಲ್ಲಿ ಚಾಂಪಿಯನ್‌ಗೆ 25 ಪಾಯಿಂಟ್. ವರ್ಷ ತುಂಬಿದ ಕೂಡಲೇ ಆ 25 ಒಮ್ಮೆಗೇ ಹೋಗುತ್ತವೆ. ಅದೇ ವಾರ ಅವನು ಒಂದು ಹಂತ ಕೆಳಗಿನ ಎಂ15 ಗೆದ್ದರೂ ಬರುವುದು 15. ಕಪ್ ಕೈಗೆ ಬಂತು, ಲೆಕ್ಕದಲ್ಲಿ 10 ಕಡಿಮೆಯಾಯಿತು. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತರಂತೂ ಸೊನ್ನೆ. ಈ ಮಟ್ಟದಲ್ಲಿ ಆಟಗಾರರ ನಡುವಿನ ಅಂತರ ಬಹಳ ಸಣ್ಣದು, ಹಾಗಾಗಿ 10 ಪಾಯಿಂಟ್ ಹೋದರೆ ಹತ್ತಾರು ಸ್ಥಾನ ಜಾರುತ್ತದೆ.

ಅಭಿಮಾನಿಗಳು ರ‍್ಯಾಂಕ್ ಒಂದನ್ನೇ ನೋಡಿ ಬೇಸರಪಡಬಾರದು. ಹೋದ ವರ್ಷ ಇದೇ ವಾರ ಅವನು ಎಷ್ಟು ಗಳಿಸಿದ್ದ ಎಂದು ಮೊದಲು ನೋಡಿ. ಆಮೇಲೆ ಅವನು ಈಗ ಆಡುತ್ತಿರುವ ದರ್ಜೆ ನೋಡಿ. ಚಾಲೆಂಜರ್ 50 ಎಂಬ ಮೇಲಿನ ಹಂತದಲ್ಲಿ ಒಂದು ಪ್ರಶಸ್ತಿಗೆ 50 ಪಾಯಿಂಟ್, ಎರಡು ಎಂ25 ಗೆದ್ದಷ್ಟು. ಅಲ್ಲಿ ಅರ್ಹತಾ ಸುತ್ತು ದಾಟುತ್ತಿದ್ದಾನೆಂದರೆ, ರ‍್ಯಾಂಕ್ ಇಳಿದಿದ್ದರೂ ಹುಡುಗ ಬೆಳೆಯುತ್ತಿದ್ದಾನೆ.