ಪಶ್ಚಿಮ ವರ್ಜೀನಿಯಾದ ಹಳೆಯ ಕಾಲೇಜು ಲೀಗ್ ಏನಾಯಿತು?

ಪ್ರಶ್ನೆ: ಅಮೆರಿಕದ ಕಾಲೇಜು ಕ್ರೀಡೆಯ ಹಳೆಯ ದಾಖಲೆಗಳಲ್ಲಿ ‘ಡಬ್ಲ್ಯುವಿಐಎಸಿ’ (ವೆಸ್ಟ್ ವರ್ಜೀನಿಯಾ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸ್) ಎಂದು ಕಾಣುತ್ತದೆ. 2013ರ ನಂತರ ಆ ಹೆಸರೇ ಇಲ್ಲ. ಯಾಕೆ?

ಉತ್ತರ: ಅದು ಪಶ್ಚಿಮ ವರ್ಜೀನಿಯಾದ ಸಣ್ಣ ಕಾಲೇಜುಗಳು 1924ರಲ್ಲಿ ಕಟ್ಟಿಕೊಂಡ ಒಕ್ಕೂಟ. ಕೊನೆಯಲ್ಲಿ 15 ಸದಸ್ಯರಿದ್ದರು, ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದವರು 9 ಮಾತ್ರ. ಒಡಕು ಹುಟ್ಟಿದ್ದೇ ಅಲ್ಲಿ. 2012ರಲ್ಲಿ ಆ ಒಂಬತ್ತೂ ಹೊರಡುವುದಾಗಿ ಹೇಳಿದವು. ಉಳಿದ ಆರರಿಂದ ಲೀಗ್ ನಡೆಯುವಂತಿರಲಿಲ್ಲ.

ಚಾರ್ಲ್ಸ್‌ಟನ್, ಕಾಂಕಾರ್ಡ್, ಫೇರ್‌ಮಾಂಟ್, ಗ್ಲೆನ್‌ವಿಲ್, ಶೆಫರ್ಡ್, ವೆಸ್ಟ್ ಲಿಬರ್ಟಿ ಮೊದಲಾದ ಕಾಲೇಜುಗಳು ‘ಮೌಂಟನ್ ಈಸ್ಟ್’ ಎಂಬ ಲೀಗ್ ಕಟ್ಟಿದವು. ಸೀಟನ್ ಹಿಲ್, ಪಿಟ್-ಜಾನ್ಸ್‌ಟೌನ್ ಪೆನ್ಸಿಲ್ವೇನಿಯಾದ ಲೀಗ್‌ಗೆ ಹೋದವು. ಆಲ್ಡರ್ಸನ್ ಬ್ರಾಡಸ್, ಡೇವಿಸ್ ಆ್ಯಂಡ್ ಎಲ್ಕಿನ್ಸ್, ಒಹಾಯೊ ವ್ಯಾಲಿ ‘ಗ್ರೇಟ್ ಮಿಡ್‌ವೆಸ್ಟ್’ ಎಂಬ ಲೀಗ್ ಸೇರಿದವು.

ದಾಖಲೆ ಹುಡುಕುವಾಗ ಒಂದು ಎಚ್ಚರ: ‘ಮೌಂಟನ್ ಈಸ್ಟ್’ ಹೊಸ ಲೀಗ್. ಹಳೆಯ ಚಾಂಪಿಯನ್‌ಷಿಪ್‌ಗಳನ್ನು ಅದರ ಲೆಕ್ಕಕ್ಕೆ ಸೇರಿಸಬೇಡಿ, ಆಯಾ ಕಾಲೇಜಿನ ಹೆಸರಿನಲ್ಲಿ ನೋಡಿ. ಒಹಾಯೊ ವ್ಯಾಲಿ 2021ರಲ್ಲಿ, ಆಲ್ಡರ್ಸನ್ ಬ್ರಾಡಸ್ 2023ರಲ್ಲಿ ಪಾಠ ನಿಲ್ಲಿಸಿವೆ. ಲೀಗ್ ಹೋದರೂ ಕಾಲೇಜು ಉಳಿಯಬಹುದಿತ್ತು. ಕಾಲೇಜೇ ಮುಚ್ಚಿದರೆ ಆಟದ ನೆನಪು ಕಾಯುವವರು ಯಾರು? ಇಂಥ ಕಾಲೇಜುಗಳ ಅಂಕಿಅಂಶವನ್ನು ಮೊದಲು ಬರೆದಿಟ್ಟುಕೊಳ್ಳಿ.